ಕೆನಡಾಕ್ಕೆ ಬಂದ ದಿನದ ಬೆಲೆ ಬರೆದಿಡಿ: ಊರಲ್ಲಿ ಆಸ್ತಿ ಇರುವವರಿಗೆ ಒಂದು ತೆರಿಗೆ ಮಾರ್ಗದರ್ಶಿ

"ಊರಲ್ಲಿರೋದು ಊರಲ್ಲಿದೆ. ಇಲ್ಲಿನ ಸಂಬಳಕ್ಕೆ ಇಲ್ಲಿ ತೆರಿಗೆ ಕಟ್ ಆಗ್ತಿದೆ. ಇನ್ನೇನು ಬಾಕಿ?" ಕರ್ನಾಟಕದಿಂದ ಬಂದು ಟೊರಾಂಟೊ ಸುತ್ತಮುತ್ತ, ಕ್ಯಾಲ್ಗರಿ, ವ್ಯಾಂಕೂವರ್ ಕಡೆ ನೆಲೆಸಿದ ಅನೇಕರು ಹೀಗೇ ಅಂದುಕೊಳ್ಳುತ್ತಾರೆ. ಆದರೆ ಬಾಕಿ ಇದೆ. ಕೆನಡಾದ ತೆರಿಗೆ ನಿವಾಸಿ ಆದ ದಿನದಿಂದ ನೀವು ಜಗತ್ತಿನ ಯಾವ ಮೂಲೆಯಲ್ಲಿ ಗಳಿಸಿದರೂ ಅದು ಇಲ್ಲಿನ ಲೆಕ್ಕಕ್ಕೆ ಬರುತ್ತದೆ. ಮೈಸೂರಿನ ಮನೆಯ ಬಾಡಿಗೆ, ಬ್ಯಾಂಕಿನ ಎಫ್‌ಡಿ ಬಡ್ಡಿ, ಪಿಪಿಎಫ್, ಷೇರು, ಸೈಟ್ ಮಾರಿದ ಲಾಭ, ಎಲ್ಲವೂ.

ಹೆದರುವಂಥದ್ದು ಏನೂ ಇಲ್ಲ. ಎರಡು ದೇಶದಲ್ಲೂ ಪೂರ್ತಿ ತೆರಿಗೆ ಕಟ್ಟುವ ಪರಿಸ್ಥಿತಿ ಬರದಂತೆ ಭಾರತ ಮತ್ತು ಕೆನಡಾ ನಡುವೆ 1996ರಲ್ಲೇ ಒಪ್ಪಂದ ಆಗಿದೆ. ಆದರೆ ಅದರ ಪ್ರಯೋಜನ ಸಿಗಬೇಕಾದರೆ ಕಾಗದ ಪತ್ರ ಸರಿಯಾಗಿರಬೇಕು. ಆ ಕಾಗದಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಒಂದೇ: ನೀವು ಇಲ್ಲಿ ನಿವಾಸಿಯಾದ ದಿನ ಊರಿನ ಆಸ್ತಿಗೆ ಎಷ್ಟು ಬೆಲೆ ಇತ್ತು ಎಂಬ ದಾಖಲೆ. ಮುಂದೆ ಹೇಳುವ ಹೆಜ್ಜೆಗಳಲ್ಲಿ ಹೆಚ್ಚಿನವು ಆ ಒಂದು ದಿನಕ್ಕೇ ಬಂದು ನಿಲ್ಲುತ್ತವೆ.

ಹೆಜ್ಜೆ 1: ಆ ದಿನ ಯಾವುದು ಎಂದು ಗೊತ್ತು ಮಾಡಿಕೊಳ್ಳಿ

ಪಿಆರ್ (ಕಾಯಂ ನಿವಾಸ) ಕಾರ್ಡ್ ಬಂದ ದಿನವೇ ತೆರಿಗೆ ನಿವಾಸಿಯಾದ ದಿನ ಅಂತ ಅಲ್ಲ. ಕೆನಡಾ ರೆವೆನ್ಯೂ ಏಜೆನ್ಸಿ, ಅಂದರೆ ಸಿಆರ್‌ಎ, ನೋಡುವುದು ಇಲ್ಲಿ ನಿಮ್ಮ ಬದುಕು ಎಷ್ಟು ಬೇರು ಬಿಟ್ಟಿದೆ ಎಂಬುದನ್ನು. ವಾಸಕ್ಕೆ ಮನೆ ಇದೆಯೇ, ಗಂಡ ಅಥವಾ ಹೆಂಡತಿ ಇಲ್ಲಿದ್ದಾರೆಯೇ, ಮಕ್ಕಳು ಇಲ್ಲಿದ್ದಾರೆಯೇ, ಈ ಮೂರಕ್ಕೆ ತೂಕ ಜಾಸ್ತಿ. ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್, ಪ್ರಾಂತ್ಯದ ಆರೋಗ್ಯ ಕಾರ್ಡ್ ಇವೆಲ್ಲ ಆಮೇಲಿನವು.

ಸೂಟ್‌ಕೇಸ್ ಹಿಡಿದು ಬಂದು, ಬಾಡಿಗೆ ಮನೆ ಹಿಡಿದು, ಕೆಲಸಕ್ಕೆ ಸೇರಿದವರಿಗೆ ಗೊಂದಲ ಇಲ್ಲ. ಬಂದಿಳಿದ ದಿನವೇ ಆ ದಿನ. ಗೊಂದಲ ಇರುವುದು 'ಲ್ಯಾಂಡಿಂಗ್' ಮಾಡಿ ವಾಪಸ್ ಹೋದವರಿಗೆ. ಬೆಂಗಳೂರಿನ ಐಟಿ ಕುಟುಂಬಗಳಲ್ಲಿ ಇದು ತುಂಬಾ ಸಾಮಾನ್ಯ. ಎರಡು ವಾರ ಬಂದು, ಪಿಆರ್ ಮುದ್ರೆ ಒತ್ತಿಸಿಕೊಂಡು, ಮಕ್ಕಳ ಶಾಲೆ ಮುಗಿಯಲಿ ಅಂತ ವಾಪಸ್ ಹೋಗಿ, ಎಂಟು ತಿಂಗಳ ಮೇಲೆ ಸಾಮಾನು ಸಮೇತ ಬರುತ್ತಾರೆ. ಮೊದಲ ಸಲ ಮನೆ ಮಾಡದೆ, ಕುಟುಂಬ ಊರಲ್ಲೇ ಇದ್ದರೆ, ಸಾಮಾನ್ಯವಾಗಿ ಎರಡನೇ ಸಲ ಬಂದ ದಿನವೇ ಲೆಕ್ಕ. ಗಂಡ ಒಬ್ಬರೇ ವಾಪಸ್ ಹೋಗಿ ಹೆಂಡತಿ ಮಕ್ಕಳು ಇಲ್ಲೇ ಉಳಿದಿದ್ದರೆ ಕಥೆ ಬೇರೆ. ಆಗ ಆತನೂ ಮೊದಲ ದಿನದಿಂದಲೇ ನಿವಾಸಿ ಎನಿಸಿಕೊಳ್ಳುವ ಸಾಧ್ಯತೆ ಹೆಚ್ಚು, ಬೆಂಗಳೂರಿನ ಸಂಬಳವೂ ಇಲ್ಲಿನ ಲೆಕ್ಕಕ್ಕೆ ಬಂದೀತು. ಹೀಗಿದ್ದರೆ ರಿಟರ್ನ್ ತುಂಬುವ ಮೊದಲು ಎರಡೂ ದೇಶದ ತೆರಿಗೆ ಗೊತ್ತಿರುವ ಅಕೌಂಟೆಂಟ್ ಒಬ್ಬರನ್ನು ಕೇಳಿ. ಆ ಒಂದು ಭೇಟಿಗೆ ಕೊಟ್ಟ ಫೀಸು ದಂಡವಲ್ಲ.

ತಾರೀಖು ಗಟ್ಟಿಯಾದ ಮೇಲೆ ಬೋರ್ಡಿಂಗ್ ಪಾಸ್, ಪಾಸ್‌ಪೋರ್ಟ್ ಮುದ್ರೆ, ಬಾಡಿಗೆ ಕರಾರು ಇವುಗಳ ಪ್ರತಿ ಒಂದು ಫೋಲ್ಡರಿನಲ್ಲಿ ಹಾಕಿಡಿ.

ಹೆಜ್ಜೆ 2: ಆ ದಿನದ ಬೆಲೆಪಟ್ಟಿ ಮಾಡಿ

ಕೆನಡಾದ ಕಾನೂನು ಹೀಗೆ ಭಾವಿಸುತ್ತದೆ: ನೀವು ನಿವಾಸಿಯಾದ ದಿನ ನಿಮ್ಮ ಹತ್ತಿರ ಇದ್ದ ಆಸ್ತಿಯನ್ನೆಲ್ಲ ಅಂದಿನ ಮಾರುಕಟ್ಟೆ ಬೆಲೆಗೆ ಅಂದೇ ಕೊಂಡಿರಿ. ಹದಿನೈದು ವರ್ಷದ ಹಿಂದೆ ಎಷ್ಟಕ್ಕೆ ಕೊಂಡಿದ್ದಿರಿ ಅನ್ನುವುದು ಇಲ್ಲಿಗೆ ಬೇಕಿಲ್ಲ. ಕೆನಡಾದಲ್ಲೇ ಇರುವ ಮನೆಯಂಥ ಕೆಲವು ಆಸ್ತಿಗೆ ಮಾತ್ರ ಈ ನಿಯಮ ಇಲ್ಲ.

ಇದು ನಿಮಗೆ ದೊಡ್ಡ ಅನುಕೂಲ. ಒಂದು ಉದಾಹರಣೆ ಇಟ್ಟುಕೊಳ್ಳೋಣ. 2012ರಲ್ಲಿ ಮೈಸೂರಿನಲ್ಲಿ 20 ಲಕ್ಷಕ್ಕೆ ಒಂದು ಸೈಟ್ ಕೊಂಡಿರಿ. 2023ರ ಜೂನ್‌ನಲ್ಲಿ ಕೆನಡಾಕ್ಕೆ ಬಂದಾಗ ಅದರ ಬೆಲೆ 80 ಲಕ್ಷ. ಈಗ 95 ಲಕ್ಷಕ್ಕೆ ಮಾರುತ್ತೀರಿ. ಕೆನಡಾದ ಲೆಕ್ಕದಲ್ಲಿ ಲಾಭ 75 ಲಕ್ಷ ಅಲ್ಲ, ಬರೀ 15 ಲಕ್ಷ. ನೀವು ಊರಲ್ಲಿದ್ದಾಗ ಏರಿದ 60 ಲಕ್ಷಕ್ಕೂ ಈ ದೇಶಕ್ಕೂ ಸಂಬಂಧವಿಲ್ಲ. ಆದರೆ 80 ಲಕ್ಷ ಎಂದು ತೋರಿಸಲು ಕಾಗದ ಇಲ್ಲದಿದ್ದರೆ? ಹತ್ತು ವರ್ಷದ ನಂತರ ಸಿಆರ್‌ಎ ಕೇಳಿದಾಗ "ಆಗ ಅಷ್ಟಿತ್ತು" ಅಂದರೆ ಸಾಲದು.

ಹಾಗಾಗಿ ಸೈಟ್, ಮನೆ, ಅಪಾರ್ಟ್‌ಮೆಂಟ್ ಇದ್ದರೆ ಊರಿನ ನೋಂದಾಯಿತ ಮೌಲ್ಯಮಾಪಕರಿಂದ, ನಾವು ವ್ಯಾಲ್ಯುಯರ್ ಅನ್ನುತ್ತೀವಲ್ಲ ಅವರಿಂದ, ಆ ತಾರೀಖಿಗೆ ಸರಿಯಾಗಿ ವರದಿ ಮಾಡಿಸಿ. ಬ್ಯಾಂಕ್ ಸಾಲಕ್ಕೆ ವರದಿ ಕೊಡುವ ಎಂಜಿನಿಯರುಗಳೇ ಇದನ್ನೂ ಮಾಡುತ್ತಾರೆ. ಜೊತೆಗೆ ಕ್ರಯಪತ್ರ, ಖಾತಾ, ಕಾವೇರಿ ಪೋರ್ಟಲಿನಿಂದ ತೆಗೆದ ಇಸಿ (ಋಣಭಾರ ಪ್ರಮಾಣಪತ್ರ) ಇಡಿ.

ಇಲ್ಲಿ ಒಂದು ಎಚ್ಚರಿಕೆ. ಅನೇಕರು ಸಬ್‌ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ಬೆಲೆಯನ್ನೇ ಬರೆದುಕೊಳ್ಳುತ್ತಾರೆ. ಅದು ಸ್ಟಾಂಪ್ ಡ್ಯೂಟಿಗೆ ಸರ್ಕಾರ ನಿಗದಿ ಮಾಡಿದ ದರ. ಬೆಂಗಳೂರು, ಮೈಸೂರಿನ ಎಷ್ಟೋ ಬಡಾವಣೆಗಳಲ್ಲಿ ನಿಜವಾದ ಬೆಲೆ ಅದಕ್ಕಿಂತ ಬಹಳ ಮೇಲಿದೆ. ಕರ್ನಾಟಕದಲ್ಲಿ 2023ರ ಅಕ್ಟೋಬರ್‌ನಲ್ಲಿ ಈ ದರ ಪರಿಷ್ಕರಣೆ ಆಯಿತು. ಅಂದರೆ ಜೂನ್‌ನಲ್ಲಿ ಬಂದವರಿಗೆ ಸಿಗುವುದು ಹಳೇ ದರ. ಅದನ್ನು ಹಿಡಿದರೆ ಕೊಂಡ ಬೆಲೆ ಸುಮ್ನೆ ಕಡಿಮೆಯಾಗಿ, ಮುಂದೆ ಮಾರುವಾಗ ಲಾಭ ಜಾಸ್ತಿ ಕಾಣುತ್ತದೆ. ವರದಿಯಲ್ಲಿ ಅಕ್ಕಪಕ್ಕದ ಸೈಟುಗಳು ಆ ಸಮಯದಲ್ಲಿ ಎಷ್ಟಕ್ಕೆ ಹೋದವು ಎಂಬ ವಿವರ ಇರಲಿ.

ಷೇರು, ಮ್ಯೂಚುವಲ್ ಫಂಡ್‌ಗೆ ಆ ದಿನದ ಮುಕ್ತಾಯ ದರ ಮತ್ತು ಎನ್‌ಎವಿ (ಫಂಡಿನ ಒಂದು ಯೂನಿಟ್ ಬೆಲೆ) ಸಾಕು. ಎಫ್‌ಡಿ, ಉಳಿತಾಯ ಖಾತೆ, ಪಿಪಿಎಫ್‌ಗೆ ಆ ದಿನದ ಬ್ಯಾಲೆನ್ಸ್. ಎಲ್‌ಐಸಿ ಪಾಲಿಸಿಗೆ ಆ ದಿನದ ಸರೆಂಡರ್ ಮೌಲ್ಯ ಕೇಳಿ ಪಡೆಯಿರಿ. ಪಕ್ಕದಲ್ಲಿ ಬ್ಯಾಂಕ್ ಆಫ್ ಕೆನಡಾ ಆ ದಿನಕ್ಕೆ ಪ್ರಕಟಿಸಿದ ರೂಪಾಯಿ ಡಾಲರ್ ದರ ಬರೆದಿಡಿ.

ಪಿತ್ರಾರ್ಜಿತ ಆಸ್ತಿ ಇನ್ನೂ ಭಾಗ ಆಗಿಲ್ಲದಿದ್ದರೆ ಅದನ್ನೂ ಟಿಪ್ಪಣಿ ಮಾಡಿ. ನೀವು ಇಲ್ಲಿಗೆ ಬಂದ ಮೇಲೆ ಅಪ್ಪ ಅಥವಾ ಅಮ್ಮ ತೀರಿಕೊಂಡು ಆಸ್ತಿ ನಿಮ್ಮ ಹೆಸರಿಗೆ ಬಂದರೆ ಆಗ ಬೇಕಾದ್ದು ಅವರು ತೀರಿಕೊಂಡ ದಿನದ ಬೆಲೆ. ದುಃಖದ ಸಮಯದಲ್ಲಿ ಇದು ಯಾರಿಗೂ ನೆನಪಾಗುವುದಿಲ್ಲ. ವರ್ಷದೊಳಗೆ ಊರಿಗೆ ಹೋದಾಗ ಮಾಡಿಸಿಕೊಂಡು ಬನ್ನಿ. ಅಂದಹಾಗೆ, ತಂದೆತಾಯಿ ಕೊಟ್ಟ ಹಣಕ್ಕಾಗಲಿ, ಪಿತ್ರಾರ್ಜಿತವಾಗಿ ಬಂದದ್ದಕ್ಕಾಗಲಿ ಕೆನಡಾದಲ್ಲಿ ನಿಮಗೆ ತೆರಿಗೆ ಇಲ್ಲ. ಊರಲ್ಲಿ ಉಳಿಸಿದ ಸ್ವಂತ ಹಣ ಇಲ್ಲಿಗೆ ತರಿಸಿಕೊಂಡರೂ ಅದು ಆದಾಯವಲ್ಲ. ಎಲ್ಲಿಂದ ಬಂತು ಎಂಬ ಕಾಗದ ಮಾತ್ರ ಇರಬೇಕು.

ವರ್ಷಗಳ ಹಿಂದೆಯೇ ಬಂದಿದ್ದೀರಿ, ಇದೇನೂ ಮಾಡಿಸಿಲ್ಲ ಅಂದರೆ ಈಗಲೂ ತಡವಾಗಿಲ್ಲ. ಹಿಂದಿನ ತಾರೀಖಿನ ಬೆಲೆಗೆ ವರದಿ ಕೊಡಬಹುದು. ವರ್ಷ ಹೋದಂತೆ ಅದಕ್ಕೆ ಆಧಾರ ಹುಡುಕುವುದು ಕಷ್ಟವಾಗುತ್ತದೆ, ಅಷ್ಟೇ.

ಹೆಜ್ಜೆ 3: ಊರಿನ ಬ್ಯಾಂಕಿಗೆ ತಿಳಿಸಿ

ಎನ್‌ಆರ್‌ಐ ಆದ ಮೇಲೆ ಹಳೇ ಉಳಿತಾಯ ಖಾತೆಯನ್ನು ಹಾಗೇ ನಡೆಸುವಂತಿಲ್ಲ. ಫೆಮಾ, ಅಂದರೆ ಭಾರತದ ವಿದೇಶಿ ವಿನಿಮಯ ಕಾನೂನಿನ ಪ್ರಕಾರ ಅದನ್ನು ಎನ್‌ಆರ್‌ಒ ಖಾತೆ (ಊರಿನ ಆದಾಯ ಇಡುವ ಅನಿವಾಸಿ ಖಾತೆ) ಮಾಡಿಸಬೇಕು. ಮ್ಯೂಚುವಲ್ ಫಂಡ್ ಮತ್ತು ಡಿಮ್ಯಾಟ್‌ನ ಕೆವೈಸಿಯೂ ಬದಲಾಗಬೇಕು. ಹೊಸ ಪಿಪಿಎಫ್ ತೆರೆಯಲಾಗದು, ಇರುವುದನ್ನು ಅವಧಿ ಮುಗಿಯುವವರೆಗೆ ನಡೆಸಬಹುದು. ಕೃಷಿ ಜಮೀನು ಹೊಸದಾಗಿ ಕೊಳ್ಳಲಾಗದು, ಇರುವುದನ್ನು ಇಟ್ಟುಕೊಳ್ಳಬಹುದು.

ಎನ್‌ಆರ್‌ಒ ಬಡ್ಡಿಗೆ ಬ್ಯಾಂಕ್ 30 ಶೇಕಡಾ ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಮತ್ತು ಸೆಸ್ ಹಿಡಿಯುತ್ತದೆ. ಒಪ್ಪಂದದ ಪ್ರಕಾರ ಬಡ್ಡಿಗೆ ಭಾರತ ಹಾಕಬಹುದಾದದ್ದು 15 ಶೇಕಡಾ ಮಾತ್ರ. ಈ ದರ ತಾನಾಗಿ ಸಿಗುವುದಿಲ್ಲ. ಸಿಆರ್‌ಎಯಿಂದ ನೀವು ಕೆನಡಾದ ನಿವಾಸಿ ಎಂಬ ಪ್ರಮಾಣಪತ್ರ ತರಿಸಿ, ಭಾರತದ ಆದಾಯ ತೆರಿಗೆ ಪೋರ್ಟಲಿನಲ್ಲಿ ಅದರ ಘೋಷಣೆ ಫಾರಂ ತುಂಬಿ, ಎರಡನ್ನೂ ಬ್ಯಾಂಕಿಗೆ ಕೊಡಬೇಕು. ಇದನ್ನು ಮಾಡದೆ ಹೆಚ್ಚು ಟಿಡಿಎಸ್ ಹೋದರೆ ಕೆನಡಾ ಆ ಹೆಚ್ಚಿನ ಭಾಗಕ್ಕೆ ಕ್ರೆಡಿಟ್ ಕೊಡುವುದಿಲ್ಲ, ಅಂದರೆ ಇಲ್ಲಿನ ತೆರಿಗೆಯಲ್ಲಿ ಅದನ್ನು ಕಳೆಯುವುದಿಲ್ಲ. ಭಾರತದಲ್ಲಿ ರಿಟರ್ನ್ ಹಾಕಿ ರಿಫಂಡ್ ಕೇಳುವುದೊಂದೇ ದಾರಿ.

ಹೆಜ್ಜೆ 4: ಮೊದಲ ರಿಟರ್ನ್ ತಪ್ಪಿಸಬೇಡಿ

ಇಲ್ಲಿನ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್. ಕೊನೇ ದಿನ ಮುಂದಿನ ವರ್ಷದ ಏಪ್ರಿಲ್ 30. ಸ್ವಂತ ವ್ಯಾಪಾರ ಇದ್ದವರು ಜೂನ್ 15ರವರೆಗೆ ಸಲ್ಲಿಸಬಹುದು, ಆದರೆ ಹಣ ಏಪ್ರಿಲ್ 30ಕ್ಕೇ ಕಟ್ಟಬೇಕು. ತಡವಾದರೆ ಬಾಕಿಯ ಮೇಲೆ 5 ಶೇಕಡಾ ದಂಡ, ಆಮೇಲೆ ತಿಂಗಳಿಗೆ 1 ಶೇಕಡಾದಂತೆ ಹನ್ನೆರಡು ತಿಂಗಳವರೆಗೆ. ಕ್ವಿಬೆಕ್‌ನಲ್ಲಿರುವವರು ಪ್ರಾಂತ್ಯಕ್ಕೆ ಬೇರೆ ರಿಟರ್ನ್ ಕೊಡಬೇಕು.

ಬಂದ ವರ್ಷದ ರಿಟರ್ನ್‌ನಲ್ಲಿ ಬಂದ ತಾರೀಖು ಹಾಕಬೇಕು. ಬರುವ ಮೊದಲಿನ ಆದಾಯವನ್ನೂ ಅಲ್ಲಿ ಕೇಳುತ್ತಾರೆ. ಅದಕ್ಕೆ ತೆರಿಗೆ ಹಾಕಲಿಕ್ಕಲ್ಲ, ಕ್ರೆಡಿಟ್‌ಗಳ ಲೆಕ್ಕಕ್ಕೆ. ಮೂಲ ವಿನಾಯಿತಿ ಮೊತ್ತ 2025ಕ್ಕೆ 16,129 ಡಾಲರ್. ಆದರೆ ವರ್ಷದ ಮಧ್ಯೆ ಬಂದವರಿಗೆ ಸಾಮಾನ್ಯವಾಗಿ ಇಲ್ಲಿದ್ದ ದಿನಗಳ ಲೆಕ್ಕದಲ್ಲೇ ಸಿಗುತ್ತದೆ. ಸೆಪ್ಟೆಂಬರ್ 1ಕ್ಕೆ ಬಂದಿದ್ದರೆ 122 ದಿನ, ಅಂದರೆ ಸುಮಾರು 5,391 ಡಾಲರ್. ಸಂಬಳದಿಂದ ತೆರಿಗೆ ಹಿಡಿಯುವಾಗ ಕಂಪನಿ ಇದನ್ನು ಗಮನಿಸಿರದಿದ್ದರೆ ಏಪ್ರಿಲ್‌ನಲ್ಲಿ ಕೈಯಿಂದ ಕಟ್ಟಬೇಕಾಗುತ್ತದೆ. ಸ್ವಲ್ಪ ದುಡ್ಡು ಎತ್ತಿಟ್ಟಿರಿ.

ಆದಾಯವೇ ಇಲ್ಲದವರೂ ರಿಟರ್ನ್ ಹಾಕಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮಕ್ಕಳಿರುವ ಮನೆಗೆ ಸಿಗುವ ಕೆನಡಾ ಚೈಲ್ಡ್ ಬೆನಿಫಿಟ್ ನಿಲ್ಲದೆ ಬರಬೇಕಾದರೆ ಗಂಡ ಹೆಂಡತಿ ಇಬ್ಬರೂ ರಿಟರ್ನ್ ಹಾಕಿರಬೇಕು. ಮನೆಯಲ್ಲಿರುವ ಹೆಂಡತಿಗೆ ಆದಾಯ ಇಲ್ಲ, ಅವರಿಗೇಕೆ ಅಂತ ಬಿಟ್ಟು, ತಿಂಗಳ ಹಣ ನಿಂತ ಮನೆಗಳಿವೆ. ಹೊಸದಾಗಿ ಬಂದವರು ಇದಕ್ಕೆ ರಿಟರ್ನ್ ತನಕ ಕಾಯಬೇಕಿಲ್ಲ. ಪಿಆರ್ ಆಗಿದ್ದರೆ ಬಂದ ಕೂಡಲೇ ಆರ್‌ಸಿ66 ಫಾರಂ ಮತ್ತು ಅದರ ಜೊತೆಯ ಹಾಳೆ ತುಂಬಿ ಕಳಿಸಿ. ಅದರಲ್ಲಿ ಹಿಂದಿನ ಎರಡು ವರ್ಷಗಳ ಭಾರತದ ಆದಾಯವನ್ನೂ ಕೇಳುತ್ತಾರೆ. ವರ್ಕ್ ಪರ್ಮಿಟ್, ಸ್ಟಡಿ ಪರ್ಮಿಟ್‌ನಲ್ಲಿರುವವರು ಸತತ 18 ತಿಂಗಳು ಇಲ್ಲಿದ್ದು, 19ನೇ ತಿಂಗಳಲ್ಲಿ ಪರ್ಮಿಟ್ ಚಾಲ್ತಿಯಲ್ಲಿದ್ದರೆ ಅರ್ಹರು.

ವಿದ್ಯಾರ್ಥಿಗಳಿಗೂ ಒಂದು ಮಾತು. ಕಾಲೇಜು ಕೊಡುವ ಟಿ2202 ಸ್ಲಿಪ್‌ನಲ್ಲಿ ನೀವು ಕಟ್ಟಿದ ಫೀಸು ಇರುತ್ತದೆ. ಈಗ ತೆರಿಗೆ ಇಲ್ಲದಿದ್ದರೂ ಅದನ್ನು ರಿಟರ್ನ್‌ನಲ್ಲಿ ತೋರಿಸಿದರೆ ಕೆಲಸ ಸಿಕ್ಕ ವರ್ಷ ಫೆಡರಲ್ ತೆರಿಗೆಯಲ್ಲಿ ಕಡಿತ ಸಿಗುತ್ತದೆ. ಅಪ್ಪ ಅಮ್ಮ ಸಾಲ ಮಾಡಿ ಕಳಿಸಿದ ಆ ಹಣದ ಒಂದು ಭಾಗ ಹೀಗೆ ವಾಪಸ್ ಬರುತ್ತದೆ, ಬಿಡಬೇಡಿ.

ಹೆಜ್ಜೆ 5: ಊರಿನ ಆದಾಯವನ್ನು ಇಲ್ಲಿನ ಲೆಕ್ಕಕ್ಕೆ ಹೊಂದಿಸಿ

ಭಾರತದ ವರ್ಷ ಏಪ್ರಿಲ್‌ನಿಂದ ಮಾರ್ಚ್, ಇಲ್ಲಿಯದು ಜನವರಿಯಿಂದ ಡಿಸೆಂಬರ್. ಊರಿನ ಆಡಿಟರ್ ಕೊಟ್ಟ ಮೊತ್ತವನ್ನು ಹಾಗೇ ಎತ್ತಿ ಇಲ್ಲಿ ಹಾಕುವಂತಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಜನವರಿಯಿಂದ ಡಿಸೆಂಬರ್‌ವರೆಗಿನ ಬಡ್ಡಿ, ಬಾಡಿಗೆ, ಟಿಡಿಎಸ್ ಬೇರೆ ಬರೆದುಕೊಳ್ಳಿ. ಅಷ್ಟಷ್ಟೇ ಬರುವ ಆದಾಯಕ್ಕೆ ಆ ವರ್ಷದ ಸರಾಸರಿ ದರ ಹಿಡಿಯಬಹುದು. ಸೈಟ್ ಮಾರಿದಂಥ ಒಂದೇ ದೊಡ್ಡ ವ್ಯವಹಾರಕ್ಕೆ ಆ ದಿನದ ದರ.

ಊರಲ್ಲಿ ತೆರಿಗೆ ಇಲ್ಲದ ಕೆಲವಕ್ಕೆ ಇಲ್ಲಿ ತೆರಿಗೆ ಇದೆ. ಎನ್‌ಆರ್‌ಇ ಖಾತೆಯ (ಹೊರದೇಶದ ಗಳಿಕೆಯನ್ನು ಊರಲ್ಲಿ ಇಡುವ ಖಾತೆ) ಬಡ್ಡಿ ಅಲ್ಲಿ ಪೂರ್ತಿ ಮಾಫಿ, ಇಲ್ಲಿ ಪೂರ್ತಿ ಲೆಕ್ಕಕ್ಕೆ. ಪಿಪಿಎಫ್ ಬಡ್ಡಿಯೂ ಹಾಗೇ. ಐದು ವರ್ಷದ ಕ್ಯುಮುಲೇಟಿವ್ ಎಫ್‌ಡಿಯ ಬಡ್ಡಿ ಕೊನೆಗೆ ಒಟ್ಟಿಗೆ ಕೈಗೆ ಬಂದರೂ, ಕೆನಡಾದಲ್ಲಿ ಪ್ರತಿ ವರ್ಷ ಸೇರಿದ ಬಡ್ಡಿಯನ್ನು ಆಯಾ ವರ್ಷವೇ ತೋರಿಸಬೇಕು.

ಬಾಡಿಗೆ ಮನೆಗೆ ಟಿ776 ಫಾರಂ. ಭಾರತದಲ್ಲಿ ಬಾಡಿಗೆಯ 30 ಶೇಕಡಾ ತಾನಾಗಿ ಕಡಿತ ಸಿಗುತ್ತದೆ. ಇಲ್ಲಿ ಹಾಗಿಲ್ಲ. ನಿಜವಾಗಿ ಖರ್ಚಾದ ಕಂದಾಯ, ರಿಪೇರಿ, ವಿಮೆ, ಸಾಲದ ಬಡ್ಡಿ ಮಾತ್ರ ಕಳೆಯಬಹುದು. ಹಾಗಾಗಿ ಊರಿನ ಪ್ಲಂಬರ್ ಬಿಲ್ ಕೂಡ ಫೋಟೊ ತೆಗೆಸಿ ತರಿಸಿಕೊಳ್ಳಿ.

ಭಾರತದಲ್ಲಿ ಕಟ್ಟಿದ ತೆರಿಗೆಗೆ ಟಿ2209 ಫಾರಂನಲ್ಲಿ ಕ್ರೆಡಿಟ್ ಕೇಳಬೇಕು. ಅದೇ ಆದಾಯಕ್ಕೆ ಕೆನಡಾ ಹಾಕುವ ತೆರಿಗೆಗಿಂತ ಜಾಸ್ತಿ ಸಿಗುವುದಿಲ್ಲ, ಬಳಸದೆ ಉಳಿದದ್ದನ್ನು ಮುಂದಿನ ವರ್ಷಕ್ಕೆ ಒಯ್ಯಲೂ ಆಗದು. ಟಿಡಿಎಸ್ ಕಡಿತ ಅಂತಿಮ ತೆರಿಗೆಯಲ್ಲ ಎಂಬುದೂ ನೆನಪಿರಲಿ. ಭಾರತದಲ್ಲಿ ರಿಫಂಡ್ ಬಂದರೆ ಅಷ್ಟು ಕ್ರೆಡಿಟ್ ಕಡಿಮೆ. ಆದ್ದರಿಂದ ಅಲ್ಲಿನ ರಿಟರ್ನ್ ಮತ್ತು ಅಸೆಸ್‌ಮೆಂಟ್ ಪ್ರತಿಯನ್ನೂ ಇಟ್ಟುಕೊಳ್ಳಬೇಕು.

ಹೆಜ್ಜೆ 6: ಟಿ1135, ಹೆಚ್ಚಿನವರು ತಪ್ಪಿಸುವ ಫಾರಂ

ವಿದೇಶದಲ್ಲಿರುವ ನಿಮ್ಮ ಆಸ್ತಿಗಳ ಒಟ್ಟು ಕೊಂಡ ಬೆಲೆ ವರ್ಷದ ಯಾವುದೇ ಹೊತ್ತಿನಲ್ಲಿ 1 ಲಕ್ಷ ಕೆನಡಾ ಡಾಲರ್ ದಾಟಿದ್ದರೆ ಈ ಫಾರಂ ಕೊಡಲೇಬೇಕು. ಇದು ಮಾಹಿತಿ ಫಾರಂ, ಇದರಿಂದ ತೆರಿಗೆ ಬರುವುದಿಲ್ಲ. ಆದರೆ ಕೊಡದಿದ್ದರೆ ದಿನಕ್ಕೆ 25 ಡಾಲರ್‌ನಂತೆ 2,500 ಡಾಲರ್‌ವರೆಗೆ ದಂಡ. ಅದೂ ವರ್ಷ ಒಂದಕ್ಕೆ, ಒಬ್ಬರಿಗೆ. ಒಂದು ಡಾಲರ್ ಆದಾಯ ಬರದಿದ್ದರೂ ದಂಡ ಮಾತ್ರ ಬರುತ್ತದೆ. ನಮ್ಮವರಿಗೆ ಅತಿ ಹೆಚ್ಚು ಅನ್ಯಾಯವಾಗಿ ಪೆಟ್ಟು ಕೊಡುವುದು ಇದೇ ಅನ್ನಿಸುತ್ತದೆ ನನಗೆ. ಯಾಕೆಂದರೆ ತೆರಿಗೆ ಮುಚ್ಚಿಡುವ ಉದ್ದೇಶವೇ ಇಲ್ಲದವರು ಸಿಕ್ಕಿಬೀಳುತ್ತಾರೆ.

ಇಲ್ಲಿಯೂ 'ಕೊಂಡ ಬೆಲೆ' ಅಂದರೆ ನೀವು ನಿವಾಸಿಯಾದ ದಿನದ ಬೆಲೆ. ಆ ಮೈಸೂರಿನ ಸೈಟನ್ನೇ ನೋಡಿ. 20 ಲಕ್ಷಕ್ಕೆ ಕೊಂಡದ್ದು, ಡಾಲರ್‌ಗೆ 62 ರೂಪಾಯಿ ಹಿಡಿದರೆ ಸುಮಾರು 32,000 ಡಾಲರ್, ನಮಗೆ ಈ ಫಾರಂ ಬೇಡ ಅಂದುಕೊಂಡಿರಿ. ಆದರೆ ಬಂದ ದಿನದ 80 ಲಕ್ಷಕ್ಕೆ ಅದು ಸುಮಾರು 1,29,000 ಡಾಲರ್. ಫಾರಂ ಕೊಡಬೇಕು. ಇನ್ನೊಂದು ಕಡೆ, ಬಂದ ದಿನ 80,000 ಡಾಲರ್ ಇದ್ದ ಆಸ್ತಿ ಆಮೇಲೆ ಎರಡು ಪಟ್ಟಾದರೂ, ಬೇರೇನೂ ಇಲ್ಲದಿದ್ದರೆ, ಫಾರಂ ಬೇಡ. ಬೆಲೆ ಏರಿದ್ದು ಇಲ್ಲಿ ಲೆಕ್ಕಕ್ಕಿಲ್ಲ.

ಲೆಕ್ಕಕ್ಕೆ ಬರುವುದು: ಬಾಡಿಗೆಗೆ ಕೊಟ್ಟ ಮನೆ, ಹೂಡಿಕೆ ಅಂತ ಇಟ್ಟ ಖಾಲಿ ಸೈಟ್, ಗುತ್ತಿಗೆಗೆ ಕೊಟ್ಟ ಜಮೀನು, ಎನ್‌ಆರ್‌ಒ ಮತ್ತು ಎನ್‌ಆರ್‌ಇ ಖಾತೆ, ಎಫ್‌ಡಿ, ಷೇರು, ಮ್ಯೂಚುವಲ್ ಫಂಡ್. ಬರದೇ ಇರುವುದು: ನೀವು ಹೋದಾಗ ಉಳಿಯಲು ಇಟ್ಟುಕೊಂಡ ಮನೆ, ಅಪ್ಪ ಅಮ್ಮ ವಾಸವಾಗಿರುವ ಬಾಡಿಗೆ ಬಾರದ ಮನೆ, ಮೈಮೇಲೆ ಹಾಕಿಕೊಳ್ಳುವ ಒಡವೆ. ಅನೇಕರಿಗೆ ಗೊತ್ತಿಲ್ಲದ ಒಂದು ವಿಷಯ: ಕೆನಡಾದ ಬ್ರೋಕರ್ ಹತ್ತಿರವೇ ಇದ್ದರೂ, ಸಾಮಾನ್ಯ ಖಾತೆಯಲ್ಲಿರುವ ಅಮೆರಿಕದ ಷೇರುಗಳೂ ಇದರಲ್ಲಿ ಸೇರುತ್ತವೆ. ಆರ್‌ಆರ್‌ಎಸ್‌ಪಿ (ನಿವೃತ್ತಿ ಉಳಿತಾಯ ಖಾತೆ), ಟಿಎಫ್‌ಎಸ್‌ಎ (ತೆರಿಗೆ ಇಲ್ಲದ ಉಳಿತಾಯ ಖಾತೆ) ಒಳಗಿರುವವು ಸೇರುವುದಿಲ್ಲ.

1 ಲಕ್ಷದ ಮಿತಿ ತಲಾ ಒಬ್ಬರಿಗೆ. ಜಂಟಿ ಆಸ್ತಿ ಇದ್ದರೆ ಅವರವರು ಹಣ ಹಾಕಿದ ಪಾಲಿನಷ್ಟು. 2.5 ಲಕ್ಷ ಡಾಲರ್‌ಗಿಂತ ಕಡಿಮೆ ಇದ್ದರೆ ಸರಳವಾದ ಭಾಗ ತುಂಬಿದರೆ ಸಾಕು. ಜೀವನದಲ್ಲಿ ಮೊದಲ ಸಲ ಕೆನಡಾದ ನಿವಾಸಿಯಾದ ವರ್ಷಕ್ಕೆ ಈ ಫಾರಂ ಬೇಡ. 2025ರಲ್ಲಿ ಬಂದವರು 2026ರ ಲೆಕ್ಕದಿಂದ, ಅಂದರೆ 2027ರ ಏಪ್ರಿಲ್‌ಗೆ ಕೊಡಬೇಕು. ಆ ಒಂದು ವರ್ಷದ ರಿಯಾಯಿತಿ ಇರುವುದೇ ಬೆಲೆಪಟ್ಟಿ ಮಾಡಿಕೊಳ್ಳಲಿ ಅಂತ ಎಂದುಕೊಂಡು ಬಳಸಿಕೊಳ್ಳಿ.

ಹಿಂದಿನ ವರ್ಷಗಳಲ್ಲಿ ಕೊಡದೆ ಬಿಟ್ಟಿದ್ದರೆ ಸುಮ್ಮನೆ ಕೂರಬೇಡಿ. ಎರಡೂ ದೇಶಗಳು ಬ್ಯಾಂಕ್ ಖಾತೆಗಳ ಮಾಹಿತಿಯನ್ನು ಪರಸ್ಪರ ಹಂಚಿಕೊಳ್ಳುತ್ತಿವೆ. ತಾವಾಗಿ ಮುಂದೆ ಬಂದು ಹೇಳಿಕೊಳ್ಳುವವರಿಗೆ ಸಿಆರ್‌ಎಯ ವಾಲಂಟರಿ ಡಿಸ್‌ಕ್ಲೋಷರ್ಸ್ ಯೋಜನೆ ಇದೆ. ಅರ್ಜಿ ಒಪ್ಪಿಗೆಯಾದರೆ ದಂಡದಿಂದ ಪಾರಾಗಬಹುದು, ಬಡ್ಡಿಯಲ್ಲೂ ರಿಯಾಯಿತಿ ಸಿಗಬಹುದು. 2025ರ ಅಕ್ಟೋಬರ್‌ನಿಂದ ಇದರ ನಿಯಮ ಇನ್ನಷ್ಟು ಸಡಿಲವಾಗಿದೆ. ಆರ್‌ಸಿ199 ಫಾರಂ. ಇದನ್ನು ಮಾತ್ರ ಅನುಭವ ಇರುವವರ ಕೈಲೇ ಮಾಡಿಸಿ.

ಹೆಜ್ಜೆ 7: ಮೂರು ಖಾತೆ, ಅವುಗಳ ಮಿತಿ

ಟಿಎಫ್‌ಎಸ್‌ಎ ಮಿತಿ 2024, 2025, 2026ಕ್ಕೆ ತಲಾ 7,000 ಡಾಲರ್. ಇಂಟರ್‌ನೆಟ್ ನೋಡಿ ಒಂದು ಲಕ್ಷಕ್ಕೂ ಮೀರಿದ ಮಿತಿ ನಿಮಗೂ ಇದೆ ಅಂದುಕೊಳ್ಳಬೇಡಿ. ಅದು 2009ರಿಂದ ಇಲ್ಲೇ ಇದ್ದವರಿಗೆ. ನಿಮ್ಮ ಮಿತಿ ಶುರುವಾಗುವುದು ನಿವಾಸಿಯಾದ ವರ್ಷದಿಂದ. 2024ರ ಡಿಸೆಂಬರ್‌ನಲ್ಲಿ ಬಂದಿದ್ದರೂ ಆ ವರ್ಷದ ಪೂರ್ತಿ 7,000 ಸಿಗುತ್ತದೆ, 2026ರ ತನಕ ಒಟ್ಟು 21,000. ಮೀರಿ ಹಾಕಿದರೆ ಹೆಚ್ಚಿನ ಹಣಕ್ಕೆ ತಿಂಗಳಿಗೆ 1 ಶೇಕಡಾ ದಂಡ.

ಆರ್‌ಆರ್‌ಎಸ್‌ಪಿ ಮಿತಿ ಹಿಂದಿನ ವರ್ಷದ ಇಲ್ಲಿನ ಗಳಿಕೆಯ 18 ಶೇಕಡಾ, 2026ಕ್ಕೆ ಗರಿಷ್ಠ 33,810 ಡಾಲರ್. ಬಂದ ವರ್ಷ ಸಾಮಾನ್ಯವಾಗಿ ಸೊನ್ನೆ. ಮೊದಲ ಅಸೆಸ್‌ಮೆಂಟ್ ನೋಟಿಸ್ ಬಂದ ಮೇಲೆ ಅದರಲ್ಲಿ ನಿಮ್ಮ ಮಿತಿ ಬರೆದಿರುತ್ತದೆ. ಮೊದಲೆರಡು ವರ್ಷ ಸಂಬಳ ಕಡಿಮೆ ಇದ್ದರೆ ಟಿಎಫ್‌ಎಸ್‌ಎ ಮೊದಲು ತುಂಬಿ, ಆರ್‌ಆರ್‌ಎಸ್‌ಪಿಯನ್ನು ಸಂಬಳ ಏರಿದ ಮೇಲೆ ಬಳಸಿ ಎನ್ನುವುದು ನನ್ನ ಸಲಹೆ. ಕಂಪನಿ ತಾನೂ ಪಾಲು ಹಾಕುವ ಯೋಜನೆ ಇದ್ದರೆ ಮಾತ್ರ ಅದನ್ನು ಮೊದಲು ಹಿಡಿಯಿರಿ.

ಮೊದಲ ಮನೆ ಕೊಳ್ಳುವವರಿಗೆ 2023ರ ಏಪ್ರಿಲ್‌ನಲ್ಲಿ ಬಂದ ಎಫ್‌ಎಚ್‌ಎಸ್‌ಎ ಬಹಳ ಒಳ್ಳೆಯದು. ವರ್ಷಕ್ಕೆ 8,000, ಒಟ್ಟು 40,000 ಡಾಲರ್. ಹಾಕುವಾಗ ಆದಾಯದಿಂದ ಕಡಿತ, ಮನೆಗೆ ತೆಗೆಯುವಾಗ ತೆರಿಗೆ ಇಲ್ಲ. ಖಾತೆ ತೆರೆದ ವರ್ಷದಿಂದಷ್ಟೇ ಮಿತಿ ಶುರು. ಆದರೆ ನಮ್ಮವರು ಎಡವುವ ಒಂದು ಷರತ್ತಿದೆ. ಖಾತೆ ತೆರೆಯುವ ವರ್ಷ ಅಥವಾ ಅದರ ಹಿಂದಿನ ನಾಲ್ಕು ವರ್ಷಗಳಲ್ಲಿ, ನಿಮ್ಮ ಅಥವಾ ಸಂಗಾತಿಯ ಹೆಸರಿನ ಸ್ವಂತ ಮನೆಯಲ್ಲಿ ವಾಸ ಮಾಡಿರಬಾರದು. ಆ ಮನೆ ಕೆನಡಾದ ಹೊರಗಿದ್ದರೂ ಲೆಕ್ಕಕ್ಕೆ ಬರುತ್ತದೆ. ಅಂದರೆ 2024ರವರೆಗೆ ಬೆಂಗಳೂರಿನ ಸ್ವಂತ ಫ್ಲಾಟ್‌ನಲ್ಲಿ ಇದ್ದು ಬಂದವರು 2029ರವರೆಗೆ ಕಾಯಬೇಕು. "ಕೆನಡಾದಲ್ಲಿ ಇದೇ ಮೊದಲ ಮನೆ" ಅನ್ನುವುದು ಸಾಲದು. ಬಾಡಿಗೆ ಮನೆಯಲ್ಲೋ, ಅಪ್ಪನ ಹೆಸರಿನ ಮನೆಯಲ್ಲೋ ಇದ್ದು ಬಂದವರಿಗೆ ಈ ತೊಡಕಿಲ್ಲ.

ಹೆಜ್ಜೆ 8: ಸೈಟ್ ಮಾರುವ ಮೊದಲು

ಎನ್‌ಆರ್‌ಐ ಮಾರುವಾಗ ಕೊಳ್ಳುವವರು ಟಿಡಿಎಸ್ ಹಿಡಿಯಬೇಕು. ಅದು ಪೂರ್ತಿ ಮಾರಾಟ ಬೆಲೆಯ ಮೇಲೆ ಹೋಗದಂತೆ, ಮಾರುವ ಮೊದಲೇ ಭಾರತದ ತೆರಿಗೆ ಇಲಾಖೆಯಿಂದ ಕಡಿಮೆ ಕಡಿತದ ಪ್ರಮಾಣಪತ್ರ ತೆಗೆದುಕೊಳ್ಳಿ. ಅಡ್ವಾನ್ಸ್ ಪಡೆಯುವ ಹೊತ್ತಿಗೇ ಅರ್ಜಿ ಹಾಕಿ. 2024ರ ಜುಲೈ 23ರಿಂದ ದೀರ್ಘಾವಧಿ ಲಾಭಕ್ಕೆ 12.5 ಶೇಕಡಾ ದರ. ಹಳೇ ಆಸ್ತಿಗೆ ಇಂಡೆಕ್ಸೇಷನ್ (ಬೆಲೆಯೇರಿಕೆಗೆ ತಕ್ಕಂತೆ ಕೊಂಡ ಬೆಲೆ ಏರಿಸಿಕೊಳ್ಳುವುದು) ಜೊತೆ 20 ಶೇಕಡಾ ಆರಿಸಿಕೊಳ್ಳುವ ಅವಕಾಶ ಅಲ್ಲಿನ ನಿವಾಸಿಗಳಿಗಿದೆ, ಎನ್‌ಆರ್‌ಐಗಳಿಗಿಲ್ಲ. ಎನ್‌ಆರ್‌ಒ ಖಾತೆಯಿಂದ ಹೊರಗೆ ತರುವುದಕ್ಕೆ ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ಅಮೆರಿಕನ್ ಡಾಲರ್ ಮಿತಿ.

ಭಾರತ 75 ಲಕ್ಷ ಲಾಭ ಅನ್ನುತ್ತದೆ, ಕೆನಡಾ 15 ಲಕ್ಷ ಅನ್ನುತ್ತದೆ. ಅದರಲ್ಲೂ ಇಲ್ಲಿ ಅರ್ಧ ಮಾತ್ರ ಆದಾಯಕ್ಕೆ ಸೇರುತ್ತದೆ. ಈ ಅರ್ಧವನ್ನು ಮೂರರಲ್ಲಿ ಎರಡು ಭಾಗಕ್ಕೆ ಏರಿಸುವ ಪ್ರಸ್ತಾಪ 2024ರಲ್ಲಿ ಬಂದಿತ್ತು, 2025ರ ಮಾರ್ಚ್‌ನಲ್ಲಿ ಕೈಬಿಟ್ಟರು. ಇನ್ನೂ ಆ ಭಯದಲ್ಲಿ ಆತುರದಿಂದ ಮಾರಲು ಹೊರಟವರು ನಿಲ್ಲಬಹುದು. ಎರಡೂ ಮೊತ್ತವನ್ನು ಆಯಾ ದಿನದ ದರದಲ್ಲಿ ಡಾಲರ್ ಮಾಡಬೇಕು. ಬಂದ ದಿನ 62 ಇದ್ದು ಮಾರುವ ದಿನ 65 ಇದ್ದರೆ 80 ಲಕ್ಷ ಸುಮಾರು 1,29,000 ಡಾಲರ್, 95 ಲಕ್ಷ ಸುಮಾರು 1,46,000 ಡಾಲರ್. ಲಾಭ 17,000, ಆದಾಯಕ್ಕೆ ಸೇರುವುದು ಅದರ ಅರ್ಧ. ಭಾರತದಲ್ಲಿ ಕಟ್ಟಿದ ತೆರಿಗೆಯ ಕ್ರೆಡಿಟ್ ಅದನ್ನು ಸಾಮಾನ್ಯವಾಗಿ ಪೂರ್ತಿ ಮುಚ್ಚುತ್ತದೆ.

ಹೆಜ್ಜೆ 9: ಸಲಹೆಗಾರರನ್ನು ಆರಿಸುವಾಗ

ಒಂಟಾರಿಯೊದಲ್ಲಿ 2022ರ ಮಾರ್ಚ್‌ನಿಂದ ಫೈನಾನ್ಶಿಯಲ್ ಪ್ಲಾನರ್, ಫೈನಾನ್ಶಿಯಲ್ ಅಡ್ವೈಸರ್ ಎಂಬ ಹೆಸರನ್ನು ಯಾರೆಂದರೆ ಅವರು ಹಾಕಿಕೊಳ್ಳುವಂತಿಲ್ಲ. ಮಾನ್ಯತೆ ಇರುವ ಸರ್ಟಿಫಿಕೇಟ್ ಬೇಕು. ಹೂಡಿಕೆ ಮಾರುವವರ ನೋಂದಣಿಯನ್ನು ಅವರ ಮೇಲೆ ಕಣ್ಣಿಡುವ ಸಂಸ್ಥೆ ಸಿಐಆರ್‌ಒ ಜಾಲತಾಣದಲ್ಲಿ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಹಬ್ಬದ ಕಾರ್ಯಕ್ರಮದಲ್ಲಿ ಪರಿಚಯವಾದ, ನಮ್ಮೂರಿನವರೇ ಆದ ಏಜೆಂಟ್ ಬಂದು ಹೂಡಿಕೆ ಸೇರಿಸಿದ ದುಬಾರಿ ಜೀವ ವಿಮೆ ತೋರಿಸಿದರೆ, ಟಿಎಫ್‌ಎಸ್‌ಎ ತುಂಬುವ ಮೊದಲು ಸಹಿ ಹಾಕಬೇಡಿ. ಬರೀ ರಕ್ಷಣೆ ಬೇಕಿದ್ದರೆ ಟರ್ಮ್ ವಿಮೆ ಸಾಕು. ನಿಮಗೆ ಹೇಗೆ ಹಣ ಬರುತ್ತದೆ, ಫೀಸೋ ಕಮಿಷನ್ನೋ ಎಂದು ನೇರವಾಗಿ ಕೇಳಿ. ಕೇಳುವುದರಲ್ಲಿ ಮರ್ಯಾದೆಗೆ ಕುಂದಿಲ್ಲ. ಮ್ಯೂಚುವಲ್ ಫಂಡ್ ಒಳಗಿನ ಖರ್ಚನ್ನೂ ಡಾಲರ್ ಲೆಕ್ಕದಲ್ಲಿ ತೋರಿಸಬೇಕೆಂಬ ಹೊಸ ನಿಯಮ 2026ರ ಜನವರಿಯಿಂದ ಜಾರಿಗೆ ಬಂದಿದೆ. ಆ ಮೊದಲ ವರದಿ 2027ರ ಆರಂಭದಲ್ಲಿ ನಿಮ್ಮ ಕೈಗೆ ಬರುತ್ತದೆ. ಎತ್ತಿಡದೆ ಓದಿ.

ಈ ವೃತ್ತಿಯಲ್ಲಿರುವ ನಮ್ಮ ಕನ್ನಡಿಗರಲ್ಲಿ ಒಂದು ಕೋರಿಕೆ. ಹೊಸ ಕುಟುಂಬ ಎದುರು ಕೂತಾಗ ಸಂಬಳ, ಉಳಿತಾಯ ಕೇಳುವ ಮೊದಲು ಎರಡು ಪ್ರಶ್ನೆ ಕೇಳಿ. ಯಾವ ತಾರೀಖಿಗೆ ಬಂದಿರಿ? ಆ ದಿನ ಊರಲ್ಲಿ ಏನೇನಿತ್ತು? ಉತ್ತರವನ್ನು ಬರೆಸಿ, ಸಹಿ ಹಾಕಿಸಿ, ಒಂದು ಪ್ರತಿ ಅವರಿಗೇ ಕೊಟ್ಟು ಕಳಿಸಿ.

ಮುಂದೆ ಭಾರತಕ್ಕೆ ವಾಪಸ್ ಹೋಗುವ ಯೋಚನೆ ಇದ್ದವರಿಗೂ ಆ ಹಾಳೆ ಬೇಕು. ಕೆನಡಾ ಬಿಡುವ ದಿನ ನಿಮ್ಮ ಎಷ್ಟೋ ಆಸ್ತಿಗಳನ್ನು ಮಾರಿದಂತೆ ಭಾವಿಸಿ ತೆರಿಗೆ ಹಾಕುತ್ತಾರೆ. ಹಿಂದಿನ ಹತ್ತು ವರ್ಷಗಳಲ್ಲಿ ಒಟ್ಟು 60 ತಿಂಗಳು ಅಥವಾ ಅದಕ್ಕಿಂತ ಕಡಿಮೆ ಇಲ್ಲಿ ನಿವಾಸಿಯಾಗಿದ್ದವರಿಗೆ, ಬರುವಾಗಲೇ ಇದ್ದ ಆಸ್ತಿಗೆ ಇದು ಅನ್ವಯಿಸುವುದಿಲ್ಲ. ಐದು ವರ್ಷ ತುಂಬಲು ಕೆಲವೇ ತಿಂಗಳು ಬಾಕಿ ಇರುವಾಗ ಹೊರಡುವ ಮನಸ್ಸಿದ್ದರೆ, ಟಿಕೆಟ್ ಬುಕ್ ಮಾಡುವ ಮೊದಲು ಅಕೌಂಟೆಂಟ್ ಜೊತೆ ಮಾತಾಡಿ.